ಕುಂಡದ ತುಂಬ ಕಾಂಪೋಸ್ಟ್ ಹಾಕಿದ್ದೇನೆ, ಆದರೂ ಎಲೆ ಹಳದಿಯಾಗುತ್ತಿದೆ. ಯಾಕೆ?

ಎಷ್ಟು ಸಲ ಉತ್ತರಿಸಿದರೂ ಮತ್ತೆ ಬರುವ ಪ್ರಶ್ನೆ ಇದು. ಮೊದಲು ಗಿಡ ನೋಡಿ. ಬುಡದ ಹಳೇ ಎಲೆಗಳು ಮೊದಲು ಹಳದಿಯಾಗುತ್ತ ಬಂದಿದ್ದರೆ ಸಾರಜನಕ ಸಾಲುತ್ತಿಲ್ಲ ಎಂದೇ ಅನುಮಾನಿಸಬೇಕು.

"ಇಡೀ ಕುಂಡವೇ ಗೊಬ್ಬರ, ಕೊರತೆ ಎಲ್ಲಿಂದ ಬಂತು?" ಎಂಬ ಮರುಪ್ರಶ್ನೆ ತಪ್ಪದೆ ಬರುತ್ತದೆ. ಲೆಕ್ಕ ಹಾಕೋಣ. 10 ಲೀಟರ್ ಕಾಂಪೋಸ್ಟ್ ಸುಮಾರು 5 ಕೆಜಿ ತೂಗುತ್ತದೆ, ಅರ್ಧದಷ್ಟು ನೀರೇ. ಉಳಿದ ಎರಡೂವರೆ ಕೆಜಿಯಲ್ಲಿ ಸಾರಜನಕ ಶೇ 1.5 ಇದ್ದರೆ 37 ಗ್ರಾಂ. ಕಮ್ಮಿಯೇನಲ್ಲ. ಆದರೆ ಬಹುಪಾಲು ಸಾವಯವ ರೂಪದಲ್ಲಿ ಕಟ್ಟುಬಿದ್ದಿರುತ್ತದೆ, ಬೇರಿಗೆ ಸಿಗುವುದಿಲ್ಲ. ಸೂಕ್ಷ್ಮಾಣುಗಳು ಅದನ್ನು ಒಡೆದು ಅಮೋನಿಯಂ ಮಾಡಬೇಕು, ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡಬೇಕು. ಚೆನ್ನಾಗಿ ಕಳಿತ ಕಾಂಪೋಸ್ಟಿನಿಂದ ಮೊದಲ ವರ್ಷ ಹೀಗೆ ಬಿಡುಗಡೆಯಾಗುವುದು ಶೇ 10ರ ಆಸುಪಾಸು, ಅಂದರೆ 4 ಗ್ರಾಂ. ನಾಲ್ಕು ಕೆಜಿ ಹಣ್ಣು ಬಿಡುವ ಟೊಮೆಟೊ ಗಿಡಕ್ಕೆ ಕೆಲವೇ ತಿಂಗಳಲ್ಲಿ ಹೆಚ್ಚುಕಮ್ಮಿ 10 ಗ್ರಾಂ ಬೇಕು. ಸಾಲದ್ದಕ್ಕೆ, ನೈಟ್ರೇಟನ್ನು ಕಾಂಪೋಸ್ಟ್ ಹಿಡಿದಿಡುವುದಿಲ್ಲ. ಎರಡರದ್ದೂ ಋಣ ವಿದ್ಯುದಾವೇಶ, ಒಂದನ್ನೊಂದು ದೂಡುತ್ತವೆ. ಕುಂಡದ ತೂತಿನಿಂದ ಸೋರುವ ಕಂದು ನೀರಿನ ಜೊತೆ ಅದೂ ಹೋಗುತ್ತದೆ.

ಹಾಗಂತ ಮೇಲೆ ಇನ್ನಷ್ಟು ಕಾಂಪೋಸ್ಟ್ ಸುರಿಯಬೇಡಿ. ಪೊಟ್ಯಾಷ್ ಸಾರಜನಕದ ಹಾಗಲ್ಲ, ಬಹುತೇಕ ಮೊದಲ ದಿನವೇ ನೀರಿಗಿಳಿಯುತ್ತದೆ. ಬರೀ ಕಾಂಪೋಸ್ಟಿನಲ್ಲಿ ಲವಣ ಏರಿ ಎಳೆ ಸಸಿಯ ಎಲೆಯಂಚು ಸುಡುತ್ತದೆ. ಕಾಂಪೋಸ್ಟ್ ಕೊಳೆಯುತ್ತಲೇ ಇರುವುದರಿಂದ ಕುಂಡದ ಮಟ್ಟ ಕುಸಿದು, ಗಾಳಿಯಾಡುವ ಸಂದುಗಳು ಮುಚ್ಚಿಕೊಳ್ಳುತ್ತವೆ. ಉಸಿರಾಡದ ಬೇರು ಇದ್ದ ಪೋಷಕಾಂಶವನ್ನೂ ಹೀರಲಾರದು.

ನಾಲ್ಕು ಪಾಲಿನಲ್ಲಿ ಒಂದು ಪಾಲು ಕಾಂಪೋಸ್ಟ್ ಸಾಕು, ಉಳಿದದ್ದು ಮಣ್ಣು ಮತ್ತು ಕೊಕೊಪೀಟ್ (ತೆಂಗಿನ ನಾರಿನ ಪುಡಿ). ರಂಜಕ, ಪೊಟ್ಯಾಷ್, ಲಘು ಪೋಷಕಾಂಶಗಳ ಹೆಚ್ಚಿನ ಹೊಣೆಯನ್ನು ಆ ಕಾಂಪೋಸ್ಟೇ ಹೊರುತ್ತದೆ. ಸಾರಜನಕಕ್ಕೆ 12 ಇಂಚಿನ ಕುಂಡಕ್ಕೆ ತಿಂಗಳಿಗೆ 30 ಗ್ರಾಂ ಕಡಲೆಕಾಯಿ ಹಿಂಡಿಯ ಪುಡಿಯನ್ನು ಕಾಂಡಕ್ಕೆ ತಾಗದಂತೆ ಅಂಚಿನಲ್ಲಿ ಹರಡಿ, ಮೇಲ್ಮಣ್ಣಿನಲ್ಲಿ ಕೆದಕಿ ಮುಚ್ಚಿ. ಅದರಲ್ಲಿ ಸಾರಜನಕ ಶೇ 7ರಷ್ಟಿದ್ದು, ಕಾಂಪೋಸ್ಟಿಗಿಂತ ಬಲು ಬೇಗ ಒಡೆಯುತ್ತದೆ.

ಕಾಂಪೋಸ್ಟ್ ಕಳಿತಿದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಅದನ್ನೇ. ಮರದ ಪುಡಿ, ಒಣ ಎಲೆ ಇನ್ನೂ ಗುರುತು ಸಿಗುವಂತಿದ್ದರೆ ಸೂಕ್ಷ್ಮಾಣುಗಳು ಅವನ್ನು ಒಡೆಯಲು ಕುಂಡದಲ್ಲಿರುವ ಸಾರಜನಕವನ್ನೇ ಬಳಸಿಕೊಳ್ಳುತ್ತವೆ, ಗಿಡಕ್ಕೆ ಉಳಿಯದು. ಒಂದು ಹಿಡಿ ಒದ್ದೆ ಕಾಂಪೋಸ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಮೂರು ದಿನ ಕಟ್ಟಿಟ್ಟು ಬಿಚ್ಚಿ. ಮಣ್ಣಿನ ವಾಸನೆ ಬಂದರೆ ಬಳಸಿ. ಹುಳಿ ಅಥವಾ ಅಮೋನಿಯಾ ಘಾಟು ಬಂದರೆ ಮತ್ತೆ ಗುಡ್ಡೆಗೆ ಸೇರಿಸಿ, ವಾರಕ್ಕೊಮ್ಮೆ ಮಗುಚುತ್ತ ಇನ್ನೊಂದು ತಿಂಗಳು ಬಿಡಿ.