ಜೀಪು: ಬಾನೆಟ್ಟಿನ ಮೇಲಿಲ್ಲದ ಹೆಸರು

ಮಾಂದಲ್‌ಪಟ್ಟಿ ನೋಡಲು ಬರುವ ಪ್ರವಾಸಿಗರು ತಮ್ಮ ಕಾರನ್ನು ಕೆಳಗೆ ಬಿಟ್ಟು ಬಾಡಿಗೆಗೆ ಹಿಡಿಯುವ ವಾಹನಕ್ಕೆ ಕೊಡಗಿನಲ್ಲಿ ಇರುವುದು ಒಂದೇ ಹೆಸರು, ಜೀಪು. ಅದರ ಮೈಮೇಲೆ ಎಲ್ಲಿ ಹುಡುಕಿದರೂ ಆ ಹೆಸರು ಬರೆದಿರುವುದಿಲ್ಲ. ಹೆಸರಿನ ಮೂಲ ಕೇಳಿದರೆ ಹೆಚ್ಚಿನವರ ಉತ್ತರವೂ ಒಂದೇ: ‘ಜನರಲ್ ಪರ್ಪಸ್’ ಎಂಬುದರ ಮೊದಲಕ್ಷರಗಳಾದ ಜಿ.ಪಿ. ಸೈನಿಕರ ಬಾಯಲ್ಲಿ ಜೀಪ್ ಆಯಿತು. ಕೇಳಲು ಅಚ್ಚುಕಟ್ಟಾಗಿದೆ. ಅನುಮಾನ ಹುಟ್ಟುವುದೂ ಅಲ್ಲಿಯೇ.

1940ರಲ್ಲಿ ಅಮೆರಿಕದ ಸೇನೆ ನಾಲ್ಕೂ ಚಕ್ರ ಎಳೆಯುವ ಹಗುರ ವಾಹನ ಬೇಕೆಂದು 135 ಕಂಪನಿಗಳಿಗೆ ಪತ್ರ ಬರೆಯಿತು. ಮಾದರಿ ತಯಾರಿಸಲು ಕೊಟ್ಟ ಗಡುವು 49 ದಿನ. ಮುಳುಗುವ ಸ್ಥಿತಿಯಲ್ಲಿದ್ದ ಬ್ಯಾಂಟಮ್ ಎಂಬ ಸಣ್ಣ ಕಂಪನಿ ಆ ಗಡುವಿನೊಳಗೆ ವಾಹನವನ್ನು ತಂದು ನಿಲ್ಲಿಸಿತು. ಆದರೆ ಸಾವಿರಗಟ್ಟಲೆ ತಯಾರಿಸುವ ತಾಕತ್ತು ಅದಕ್ಕಿಲ್ಲವೆಂದು ದೊಡ್ಡ ಗುತ್ತಿಗೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾಯಿತು. ಯುದ್ಧ ಮುಗಿಯುವಷ್ಟರಲ್ಲಿ ತಯಾರಾದ ಜೀಪುಗಳು ಆರು ಲಕ್ಷಕ್ಕೂ ಹೆಚ್ಚು.

ಫೋರ್ಡ್ ತನ್ನ ಮೊದಲ ಮಾದರಿಗೆ ಜಿ.ಪಿ. ಎಂಬ ಗುರುತು ಕೊಟ್ಟದ್ದು ನಿಜ. ಆದರೆ ಅಲ್ಲಿ ‘ಜಿ’ ಎಂದರೆ ಸರ್ಕಾರಿ ಗುತ್ತಿಗೆಯದು. ‘ಪಿ’ ಎಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 80 ಅಂಗುಲ ಅಂತರವಿರುವುದು. ‘ಜನರಲ್ ಪರ್ಪಸ್’ ಅದರೊಳಗೆ ಎಲ್ಲಿಯೂ ಇಲ್ಲ. ಈ ವಾಹನ ಹುಟ್ಟುವ ಮೊದಲೇ ಹೊಸದಾಗಿ ಸೇರಿದ ಸಿಪಾಯಿಯನ್ನೂ ಇನ್ನೂ ಪರೀಕ್ಷೆಗೆ ಒಳಪಡದ ಗಾಡಿಯನ್ನೂ ಅಮೆರಿಕದ ಸೈನಿಕರು ಜೀಪ್ ಎಂದು ಕರೆಯುತ್ತಿದ್ದರು.

ಇದರ ಜೊತೆಗೆ ಒಂದು ವಿಚಿತ್ರ ಪ್ರಾಣಿಯ ಹೆಸರೂ ಸೇರಿಕೊಂಡಿತು. 1936ರಲ್ಲಿ ‘ಪಾಪಾಯ್’ ಎಂಬ ಅಮೆರಿಕದ ಕಾಮಿಕ್ ಚಿತ್ರಕಥೆಯಲ್ಲಿ ‘ಯೂಜೀನ್ ದಿ ಜೀಪ್’ ಕಾಣಿಸಿಕೊಂಡಿತು. ಎಲ್ಲಿಗೆ ಬೇಕಾದರೂ ನುಗ್ಗುವ, ‘ಜೀಪ್’ ಎಂದಷ್ಟೇ ಕೂಗುವ ಈ ಪ್ರಾಣಿಯ ಆಹಾರ ಆರ್ಕಿಡ್ ಹೂವು. ಮರಮರದಲ್ಲೂ ಸೀತಾಳೆ ಎಂಬ ಆರ್ಕಿಡ್ ತೂಗುವ ಕೊಡಗಿಗೆ ಬಂದಿದ್ದರೆ ಅದಕ್ಕೆ ಹಸಿವಿನ ಭಯವಿರುತ್ತಿರಲಿಲ್ಲ. 1941ರ ಆರಂಭದಲ್ಲಿ ವಾಷಿಂಗ್ಟನ್ನಿನ ಸಂಸತ್ ಭವನದ ಮೆಟ್ಟಿಲುಗಳನ್ನೇ ಈ ವಾಹನದಿಂದ ಹತ್ತಿಸಿ ತೋರಿಸಿದ ವಿಲ್ಲಿಸ್ ಚಾಲಕನನ್ನು ಇದೇನೆಂದು ಕೇಳಿದಾಗ, ಜೀಪ್ ಎಂದು ಹೇಳಿದ. ಅದು ಪತ್ರಿಕೆಯಲ್ಲಿ ಅಚ್ಚಾಯಿತು. ಅಲ್ಲಿಂದಾಚೆಗೆ ಉಳಿದ ಅಡ್ಡಹೆಸರುಗಳೆಲ್ಲ ಹಿಂದೆ ಸರಿದವು.

ಜೀಪನ್ನು ತಾನೇ ಸೃಷ್ಟಿಸಿದ್ದೆಂದು ವಿಲ್ಲಿಸ್ ಜಾಹೀರಾತು ಕೊಟ್ಟಿತು. ಅದು ಜನರ ದಾರಿ ತಪ್ಪಿಸುವ ಮಾತೆಂದು ಅಮೆರಿಕದ ವ್ಯಾಪಾರ ಆಯೋಗ 1948ರಲ್ಲಿ ಹೇಳಿತು. ಆದರೂ 1950ರಲ್ಲಿ ಆ ಹೆಸರು ವಿಲ್ಲಿಸ್‌ನ ಟ್ರೇಡ್‌ಮಾರ್ಕ್ ಆಯಿತು. ಬ್ಯಾಂಟಮ್‌ಗೆ ದಕ್ಕಿದ್ದು ಇತಿಹಾಸದಲ್ಲೊಂದು ಸಾಲು.

ಭಾರತದಲ್ಲಿ 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ವಿಲ್ಲಿಸ್‌ನ ಬಿಡಿಭಾಗಗಳನ್ನು ತರಿಸಿ ಜೋಡಿಸತೊಡಗಿತು. ಇಂಥ ವಾಹನಕ್ಕೆ ಕೊಡಗಿನಷ್ಟು ಹೇಳಿ ಮಾಡಿಸಿದ ಜಾಗ ಸಿಗುವುದು ಕಷ್ಟ. ಜಿಲ್ಲೆಗೆ ರೈಲು ಇಂದಿಗೂ ಬಂದಿಲ್ಲ. ಡಾಂಬರು ರಸ್ತೆ ಮುಗಿದ ಮೇಲೂ ತೋಟದ ದಾರಿ ಉಳಿದಿರುತ್ತದೆ. ಲೈನ್ ಮನೆಯಿಂದ ಕೆಲಸದವರು, ಗೊಬ್ಬರದ ಚೀಲ, ಕಣದಿಂದ ಕಾಫಿ ಮೂಟೆ, ಆಸ್ಪತ್ರೆಗೆ ಹೊರಟ ಬಾಣಂತಿ, ಎಲ್ಲರಿಗೂ ಅದೇ ಗಾಡಿ. ಕೊಡವರ ಕಕ್ಕಡ ತಿಂಗಳ ಮಳೆಯಲ್ಲಿ ಕೆಮ್ಮಣ್ಣು ಪಾಯಸವಾದಾಗ ಟೈರಿಗೆ ಕಬ್ಬಿಣದ ಚೈನು ಸುತ್ತುತ್ತಾರೆ. ಗೇರಿನ ಪಕ್ಕದ ಗಿಡ್ಡ ಲಿವರ್ ಎಳೆದರೆ ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಹೋಗುತ್ತದೆ. ಲೋ ಗೇರಿನಲ್ಲಿ ವೇಗ ನಡಿಗೆಯಷ್ಟಕ್ಕೆ ಇಳಿಯುತ್ತದೆ, ಎಳೆಯುವ ಶಕ್ತಿ ಏರುತ್ತದೆ. ಎಂಜಿನ್ ನರಳುತ್ತದೆ, ಚೈನು ಕಲ್ಲಿಗೆ ಉಜ್ಜಿ ಕಿರುಗುಟ್ಟುತ್ತದೆ, ಗಾಡಿ ಮಾತ್ರ ಏರುತ್ತದೆ.

ಹೀಗಾಗಿ ಕಂಪನಿಯ ಹೆಸರು ಇಲ್ಲಿ ಕೆಲಸದ ಹೆಸರಾಯಿತು. ಬಸ್ಸು, ಕಾರುಗಳ ಹಾಗೆ ಕೊನೆಗೊಂದು ‘ಉ’ ಸೇರಿಸಿಕೊಂಡು ಕನ್ನಡದ ಪದವೇ ಆಯಿತು. ಮಹೀಂದ್ರದ ಮೇಜರ್, ಕಮಾಂಡರ್, ಥಾರ್ ಎಲ್ಲವೂ ಜೀಪೇ. ನಾಲ್ಕೂ ಚಕ್ರ ಎಳೆಯದ ಬೊಲೆರೊ ಕೂಡ ಎಷ್ಟೋ ಜನರ ಬಾಯಲ್ಲಿ ಜೀಪೇ. ಅಧಿಕೃತವಾಗಿ ಜೀಪ್ ಎಂಬ ಬ್ರ್ಯಾಂಡು 2016ರಲ್ಲಿ ಭಾರತಕ್ಕೆ ಬಂತು. ಮರುವರ್ಷ ಇಲ್ಲಿಯೇ ತಯಾರಾದ ಅದರ ಕಂಪಾಸ್‌ನಲ್ಲಿ ಮುಂದಿನ ಎರಡೇ ಚಕ್ರ ಎಳೆಯುವ ಮಾದರಿಗಳೂ ಇದ್ದವು. ಹಕ್ಕುಪತ್ರವಿರುವ ಆ ಜೀಪಿನಲ್ಲಿ ಬಂದವರೂ ಮಾಂದಲ್‌ಪಟ್ಟಿಯ ಏರು ಹತ್ತಲು ಹೆಸರಿಲ್ಲದ ಜೀಪಿಗೆ ಬಾಡಿಗೆ ಕೊಡಬೇಕಾದೀತು.