ಬ್ಲಡ್ ರಿಪೋರ್ಟಿನ ಕ್ಯಾಲ್ಸಿಯಂ ಮೂಳೆ ಲೆಕ್ಕ ಹೇಳಲ್ಲ

ದಾವಣಗೆರೆಯಲ್ಲಿ ಈಗ ಯಾವ ಲ್ಯಾಬಿಗೆ ಕಾಲಿಟ್ರೂ ಫುಲ್ ಬಾಡಿ ಪ್ಯಾಕೇಜ್ ಅಂತ ಒಂದು ಇದ್ದೇ ಇರುತ್ತೆ, ಶುಗರ್, ಕೊಲೆಸ್ಟ್ರಾಲ್, ಥೈರಾಯ್ಡ್ ಜೊತೆಗೆ ಸೀರಮ್ ಕ್ಯಾಲ್ಸಿಯಂ ಅನ್ನೋ ಒಂದು ಸಾಲೂ ಇರುತ್ತೆ, ರಿಪೋರ್ಟು ವಾಟ್ಸಾಪಿಗೆ ಬಂದ ಕೂಡ್ಲೇ ಜನ ನೋಡೋದು ದಪ್ಪಕ್ಷರದಲ್ಲಿ ಏನಾದ್ರೂ ಬಂದಿದೆಯಾ ಅಂತ ಅಷ್ಟೇ. ಬಂದಿಲ್ಲ ಅಂದ್ರೆ ಮುಗೀತು. ನಮ್ಮ ಬೀದಿಯ ಒಬ್ಬ ಹೆಂಗಸು "ನಂದು ಕ್ಯಾಲ್ಸಿಯಂ 9.3 ಐತ್ರಿ, ಮೂಳೆ ಎಲ್ಲಾ ಗಟ್ಟಿ ಅದಾವು" ಅಂತ ಧೈರ್ಯವಾಗಿ ಹೇಳ್ಕೊಂಡು ಓಡಾಡ್ತಾರೆ. ಅವರ ಮೂಳೆ ನಿಜಕ್ಕೂ ಗಟ್ಟಿ ಇರಬಹುದು, ಬೇಡ ಅನ್ನಲ್ಲ, ಆದ್ರೆ ಅದನ್ನ ಆ 9.3 ನೋಡಿ ಹೇಳೋಕಾಗಲ್ಲ. ಮೂಳೆ ಸವೆದು ಟೊಳ್ಳಾಗಿ, ಬಚ್ಚಲಲ್ಲಿ ಕಾಲು ಜಾರಿದ್ರೆ ಸೊಂಟ ಮುರಿಯೋ ಸ್ಥಿತಿಯಲ್ಲಿರೋ ಅಜ್ಜಿಗೂ ಬ್ಲಡ್ ಕ್ಯಾಲ್ಸಿಯಂ ಸಾಮಾನ್ಯವಾಗಿ ನಾರ್ಮಲ್ಲೇ ಬರುತ್ತೆ. ಮೂಳೆ ಸಾಂದ್ರತೆ ನೋಡೋಕೆ ಡೆಕ್ಸಾ ಅನ್ನೋ ಸ್ಕ್ಯಾನೇ ಬೇರೆ ಇದೆ.

ಯಾಕೆ ಹೀಗೆ ಅಂದ್ರೆ, ದೊಡ್ಡವರ ಮೈಯಲ್ಲಿ ಹೆಚ್ಚುಕಮ್ಮಿ 1 ಕಿಲೋ ಕ್ಯಾಲ್ಸಿಯಂ ಇರುತ್ತೆ, ಅದರಲ್ಲಿ 99 ಪರ್ಸೆಂಟ್ ಮೂಳೆ, ಹಲ್ಲಲ್ಲೇ ಕೂತಿರುತ್ತೆ. ರಕ್ತದಲ್ಲಿ ತೇಲೋದು ಎಷ್ಟು ಗೊತ್ತಾ, ಪೂರ್ತಿ ಪ್ಲಾಸ್ಮಾ, ಅಂದ್ರೆ ರಕ್ತದ ನೀರಿನ ಭಾಗ, ಸೇರಿಸಿದ್ರೂ 300 ಮಿಲಿಗ್ರಾಂ ಚಿಲ್ಲರೆ. 100 ಗ್ರಾಂ ರಾಗಿಹಿಟ್ಟಲ್ಲಿ ಇದಕ್ಕಿಂತ ಸ್ವಲ್ಪ ಜಾಸ್ತಿನೇ ಇರುತ್ತೆ. ಅಂದ್ರೆ ಒಂದು ಮುದ್ದೆಯಲ್ಲಿರೋವಷ್ಟನ್ನ ಇಟ್ಕೊಂಡು ದೇಹ ದಿನಾ ನಡೆಸುತ್ತೆ, ಅದೂ ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ಅನ್ನೋ ಕಿರಿದಾದ ಗೆರೆಯೊಳಗೇ ಹಿಡಿದಿಟ್ಟು. ಎಪಿಎಂಸಿ ಮಂಡಿಯ ಅಂಗಡಿ ಥರ ಅನ್ಕೊಳ್ಳಿ, ಗಲ್ಲಾಪೆಟ್ಟಿಗೆಯಲ್ಲಿ ದುಡ್ಡು ಕಮ್ಮಿ ಆದ್ರೆ ಗೋದಾಮಿನ ಮಾಲು ಮಾರಿ ಗಲ್ಲಾ ತುಂಬಿಸ್ತಾರೆ, ಗಲ್ಲಾ ನೋಡಿದವನಿಗೆ ವ್ಯಾಪಾರ ಜೋರಾಗಿದೆ ಅನ್ಸುತ್ತೆ, ಗೋದಾಮು ಖಾಲಿ ಆಗ್ತಿರೋದು ಅವನಿಗೆ ಕಾಣಲ್ಲ.

ಇಷ್ಟೊಂದು ಬಿಗಿ ಯಾಕೆ ಅನ್ನೋದಕ್ಕೆ ಉತ್ತರ ಒಂದು ಕಪ್ಪೆ ಹೃದಯದಲ್ಲಿದೆ. 1880ರ ದಶಕದ ಶುರುವಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಅನ್ನೋ ಡಾಕ್ಟರು ಕಪ್ಪೆಯ ಹೃದಯವನ್ನ ಉಪ್ಪುನೀರಲ್ಲಿಟ್ಟು ಅದು ಎಷ್ಟೊತ್ತು ಬಡ್ಕೊಳ್ಳುತ್ತೆ ಅಂತ ನೋಡ್ತಿದ್ರು, ಚೆನ್ನಾಗೇ ಬಡ್ಕೋತಿತ್ತು, ಆಮೇಲೆ ನೋಡಿದ್ರೆ ಆ ದ್ರಾವಣ ಮಾಡಿದ್ದು ಭಟ್ಟಿ ಇಳಿಸಿದ ನೀರಲ್ಲಿ ಅಲ್ಲ, ಲಂಡನ್ನಿನ ನಲ್ಲಿ ನೀರಲ್ಲಿ. ಶುದ್ಧ ನೀರಲ್ಲಿ ಮಾಡಿದಾಗ ಹೃದಯ ಸ್ವಲ್ಪ ಹೊತ್ತಿಗೇ ಸುಸ್ತಾಗಿ ನಿಂತ್ಹೋಯ್ತು. ವ್ಯತ್ಯಾಸ ಇದ್ದಿದ್ದು ನಲ್ಲಿ ನೀರಿನ ಚೂರು ಕ್ಯಾಲ್ಸಿಯಂನಲ್ಲಿ. 1883ರಲ್ಲಿ ಇದನ್ನ ಬರೆದು ಪ್ರಕಟಿಸಿದ್ರು, ಇವತ್ತಿಗೂ ಆಸ್ಪತ್ರೆಯಲ್ಲಿ ಹಾಕೋ ಆರ್‌ಎಲ್ ಡ್ರಿಪ್ಪಲ್ಲಿರೋ ಆರ್ ಅವರದ್ದೇ. ಸ್ನಾಯು ಮಡಚೋಕೆ, ನರದ ಸಂದೇಶ ದಾಟೋಕೆ, ರಕ್ತ ಹೆಪ್ಪುಗಟ್ಟೋಕೆ ಎಲ್ಲದಕ್ಕೂ ಕ್ಯಾಲ್ಸಿಯಂ ಬೇಕು, ಹಾಗಾಗಿ ರಕ್ತದಲ್ಲಿ ಅದು ಏರುಪೇರಾಗೋದಕ್ಕಿಂತ ಮೂಳೆಯಿಂದ ಕಿತ್ಕೊಂಡ್ರೂ ಪರವಾಗಿಲ್ಲ ಅನ್ನೋದು ದೇಹದ ಲೆಕ್ಕಾಚಾರ.

ಈ ಲೆಕ್ಕ ನೋಡ್ಕೊಳ್ಳೋದು ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ಅಂಟ್ಕೊಂಡಿರೋ ನಾಲ್ಕು ಪುಟಾಣಿ ಗ್ರಂಥಿಗಳು, ಪ್ಯಾರಾಥೈರಾಯ್ಡ್ ಅಂತ ಹೆಸರು, ಒಂದೊಂದೂ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಇವು ಎಷ್ಟು ಚಿಕ್ಕವು ಅಂದ್ರೆ ಮನುಷ್ಯನ ಮೈ ಕೊಯ್ದು ಕೊಯ್ದು ನೋಡಿದವರಿಗೂ ತುಂಬಾ ಕಾಲ ಕಂಡಿರಲಿಲ್ಲ. ಮೊದಲು ಗಮನಿಸಿದ್ದು ರಿಚರ್ಡ್ ಓವನ್, ಅದೂ ಮನುಷ್ಯನಲ್ಲಲ್ಲ, ಲಂಡನ್ ಝೂನಲ್ಲಿ 1849ರಲ್ಲಿ ಸತ್ತ ಒಂದು ಭಾರತೀಯ ಘೇಂಡಾಮೃಗದಲ್ಲಿ. ಮನುಷ್ಯರಲ್ಲಿ ಗುರುತಿಸಿ 1880ರಲ್ಲಿ ಬರೆದಿದ್ದು ಸ್ವೀಡನ್ನಿನ ಉಪ್ಸಾಲಾದ ಇವಾರ್ ಸ್ಯಾಂಡ್‌ಸ್ಟ್ರಾಮ್. ರಕ್ತದಲ್ಲಿ ಕ್ಯಾಲ್ಸಿಯಂ ಚೂರು ಇಳಿದ್ರೆ ಸಾಕು, ಈ ಗ್ರಂಥಿಗಳು ಪಿಟಿಎಚ್ ಅನ್ನೋ ಹಾರ್ಮೋನು ಬಿಡ್ತವೆ, ಅದು ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸುತ್ತೆ, ಕಿಡ್ನಿಯಲ್ಲಿ ಮೂತ್ರದ ಪಾಲಾಗೋದನ್ನ ತಡೆಯುತ್ತೆ, ವಿಟಮಿನ್ ಡಿಯನ್ನ ಕೆಲಸಕ್ಕೆ ಬರೋ ರೂಪಕ್ಕೆ ತಂದು ಕರುಳಲ್ಲಿ ಜಾಸ್ತಿ ಹೀರ್ಕೊಳ್ಳೋ ಹಂಗೆ ಮಾಡುತ್ತೆ. ಆದ್ದರಿಂದ ರಿಪೋರ್ಟಲ್ಲಿ ನಂಬರು ಕೆಟ್ಟಿದೆ ಅಂದ್ರೆ "ನೀನು ಹಾಲು ಕುಡೀತಿಲ್ಲ" ಅಂತ ಅರ್ಥ ಅಲ್ಲ, ಈ ಗ್ರಂಥಿ, ಕಿಡ್ನಿ, ವಿಟಮಿನ್ ಡಿ ವ್ಯವಸ್ಥೆಯಲ್ಲಿ ಎಲ್ಲೋ ಏನೋ ಎಡವಟ್ಟಾಗಿದೆ ಅಂತ. ಅಥವಾ ರಕ್ತ ತೆಗೆದಿದ್ದೇ ಸರಿ ಇಲ್ಲ ಅಂತ.

ಆ ಕೊನೇದನ್ನ ನಾನು ಸುಮ್ನೆ ಹೇಳ್ತಿಲ್ಲ. ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ನರ ಸಿಗ್ತಿಲ್ಲ ಅಂತ ತಟ್ಟಿ, "ಮುಷ್ಟಿ ಬಿಗಿ ಮಾಡ್ರಿ, ಬಿಡ್ರಿ, ಮತ್ತೆ ಮಾಡ್ರಿ" ಅಂತ ಎರಡ್ಮೂರು ನಿಮಿಷ ಕಳೆದ್ರೆ ಅಲ್ಲಿ ರಕ್ತದ ನೀರಂಶ ಹೊರಗೆ ಜಿನುಗಿ ಪ್ರೋಟೀನು ಗಟ್ಟಿಯಾಗುತ್ತೆ, ಪ್ರೋಟೀನಿಗೆ ಅಂಟ್ಕೊಂಡಿರೋ ಕ್ಯಾಲ್ಸಿಯಂನೂ ಜಾಸ್ತಿ ತೋರಿಸುತ್ತೆ. ಇದರ ಉಲ್ಟಾನೂ ಆಗುತ್ತೆ. ರಕ್ತ ಹೆಪ್ಪುಗಟ್ಟಬಾರದು ಅಂತ ನೇರಳೆ ಮುಚ್ಚಳದ ಟ್ಯೂಬಲ್ಲಿ ಇಡಿಟಿಎ ಅನ್ನೋ ಪದಾರ್ಥ ಹಾಕಿರ್ತಾರೆ, ಅದರ ಕೆಲಸವೇ ಕ್ಯಾಲ್ಸಿಯಂ ಹಿಡಿದು ಕಟ್ಟಿಹಾಕೋದು, ಆ ಟ್ಯೂಬಿನ ರಕ್ತ ಒಂದು ಚೂರು ಬೇರೆ ಟ್ಯೂಬಿಗೆ ಬೆರೆತ್ರೂ ಕ್ಯಾಲ್ಸಿಯಂ ಪಾತಾಳಕ್ಕೆ, ಪೊಟ್ಯಾಸಿಯಂ ಆಕಾಶಕ್ಕೆ. ಕೂತ್ಕೊಂಡು ಮಾತಾಡ್ತಿರೋ ಮನುಷ್ಯನ ಕ್ಯಾಲ್ಸಿಯಂ 3 ಅಂತ ಬಂದ್ರೆ ಅನುಭವ ಇರೋ ಟೆಕ್ನಿಷಿಯನ್ ಮೊದಲು ಅನುಮಾನ ಪಡೋದು ಟ್ಯೂಬಿನ ಮೇಲೆ.

ಇನ್ನೊಂದು ಅಲ್ಬುಮಿನ್ ಲೆಕ್ಕ. ರಕ್ತದ ಕ್ಯಾಲ್ಸಿಯಂನಲ್ಲಿ ಸುಮಾರು ಅರ್ಧ ಮಾತ್ರ ಬಿಡಿಯಾಗಿ ಓಡಾಡ್ತಿರುತ್ತೆ, ಕೆಲಸ ಮಾಡೋದು ಅದೇ, ಅದನ್ನ ಅಯೋನೈಸ್ಡ್ ಕ್ಯಾಲ್ಸಿಯಂ ಅಂತಾರೆ. ಉಳಿದದ್ದರಲ್ಲಿ ಬಹುಪಾಲು ಅಲ್ಬುಮಿನ್ ಅನ್ನೋ ಪ್ರೋಟೀನಿಗೆ ಅಂಟ್ಕೊಂಡಿರುತ್ತೆ. ಪ್ಯಾಕೇಜಲ್ಲಿ ಬರೋದು ಎರಡೂ ಸೇರಿದ ಟೋಟಲ್. ಲಿವರ್ ಕೆಟ್ಟವರಿಗೆ, ತಿಂಗಳುಗಟ್ಟಲೆ ಹಾಸಿಗೆ ಹಿಡಿದವರಿಗೆ ಅಲ್ಬುಮಿನ್ ಇಳಿದಿರುತ್ತೆ, ಆಗ ಟೋಟಲ್ ಕಮ್ಮಿ ಕಂಡ್ರೂ ಬಿಡಿ ಕ್ಯಾಲ್ಸಿಯಂ ಸರಿಯಾಗೇ ಇರಬಹುದು. ಅದಕ್ಕೆ ಡಾಕ್ಟರು ಒಂದು ಒರಟು ಲೆಕ್ಕ ಹಾಕ್ತಾರೆ, ಅಲ್ಬುಮಿನ್ 4ಕ್ಕಿಂತ ಎಷ್ಟು ಕಮ್ಮಿ ಇದೆಯೋ ಅದನ್ನ 0.8ರಿಂದ ಗುಣಿಸಿ ಕ್ಯಾಲ್ಸಿಯಂಗೆ ಕೂಡಿಸೋದು. ಕ್ಯಾಲ್ಸಿಯಂ 7.8, ಅಲ್ಬುಮಿನ್ 2.5 ಇದ್ರೆ 1.2 ಕೂಡಿಸಿ 9.0, ಅಂದ್ರೆ ಗಾಬರಿ ಬೇಡ. ಐಸಿಯು ಥರ ಕಡೆ ಈ ಲೆಕ್ಕ ನಂಬದೆ ನೇರವಾಗಿ ಅಯೋನೈಸ್ಡೇ ಮಾಡಿಸ್ತಾರೆ. ಗಾಬರಿ ಅಂದಾಗ ನೆನಪಾಯ್ತು, ಭಯಕ್ಕೆ ಜೋರಾಗಿ ಉಸಿರಾಡಿದ್ರೂ ರಕ್ತದ ಕ್ಷಾರತೆ ಏರಿ ಬಿಡಿ ಕ್ಯಾಲ್ಸಿಯಂ ಅಲ್ಬುಮಿನ್ನಿಗೆ ಅಂಟ್ಕೊಳ್ಳುತ್ತೆ, ಬಾಯಿ ಸುತ್ತ ಜುಮ್ ಅನ್ನುತ್ತೆ, ಬೆರಳು ಮರಗಟ್ಟುತ್ತೆ, ಟೋಟಲ್ ಮಾಡಿಸಿದ್ರೆ ಮಾತ್ರ ಪಕ್ಕಾ ನಾರ್ಮಲ್.

ನಿಜವಾಗ್ಲೂ ಕಮ್ಮಿ ಆದಾಗ ಲಕ್ಷಣ ಇದೇ ದಾರಿಯಲ್ಲಿ ಬರುತ್ತೆ, ಬರೀ ಜೋರಾಗಿ. ತುಟಿ ಸುತ್ತ, ಬೆರಳ ತುದಿಯಲ್ಲಿ ಜೋಮು, ಮೀನಖಂಡ ಹಿಡಿಯೋದು, ಕೊನೆಗೆ ಕೈಯೇ ಸೆಟೆದುಕೊಂಡು ಮಣಿಕಟ್ಟು ಒಳಕ್ಕೆ ಬಾಗಿ, ಬೆರಳು ನೆಟ್ಟಗೆ ನಿಂತು, ಹೆಬ್ಬೆರಳು ಅಂಗೈಗೆ ಒತ್ಕೊಂಡು ಕೂತ್ಬಿಡುತ್ತೆ, ಬಿಡಿಸೋಕೆ ಹೋದ್ರೂ ಬರಲ್ಲ. ಡಾಕ್ಟರು ಬಿಪಿ ಪಟ್ಟಿಯನ್ನ ಮೇಲಿನ ಬಿಪಿಗಿಂತ ಸ್ವಲ್ಪ ಜಾಸ್ತಿ ಊದಿ 3 ನಿಮಿಷ ಬಿಟ್ಟು ಇದೇ ಭಂಗಿ ಬರುತ್ತಾ ಅಂತ ನೋಡ್ತಾರೆ. ತೀರಾ ಇಳಿದ್ರೆ ಫಿಟ್ಸ್, ಹೃದಯದ ಬಡಿತದಲ್ಲಿ ಏರುಪೇರು.

ಕಾರಣಗಳಲ್ಲಿ ನಮ್ಮ ಕಡೆ ಮೊದಲು ನೋಡಬೇಕಾದ್ದು ವಿಟಮಿನ್ ಡಿ ಕೊರತೆ. ಬಿಸಿಲು ಸುಡ್ತಿರೋ ದಾವಣಗೆರೆ ಚಿತ್ರದುರ್ಗದಲ್ಲಿ ಡಿ ಕಮ್ಮಿ ಅಂದ್ರೆ ನಗು ಬರುತ್ತೆ, ಆದ್ರೆ ಬಿಸಿಲಿರೋದು ಬೇರೆ ಅದು ಚರ್ಮಕ್ಕೆ ಬೀಳೋದು ಬೇರೆ, ಬೆಳಗ್ಗೆಯಿಂದ ಸಂಜೆ ತನಕ ಅಂಗಡಿ ಒಳಗೋ ಅಡುಗೆಮನೆಯೊಳಗೋ ಇರೋರಿಗೆ ಹೊರಗೆ ಎಷ್ಟು ಡಿಗ್ರಿ ಇದ್ರೇನು. ಥೈರಾಯ್ಡ್ ಆಪರೇಷನ್ ಆದವರಿಗೆ ಜೊತೆಗಿರೋ ಆ ನಾಲ್ಕು ಗ್ರಂಥಿಗೂ ಪೆಟ್ಟಾಗಿ ಕ್ಯಾಲ್ಸಿಯಂ ಇಳಿಯಬಹುದು, ಅದಕ್ಕೇ ಆಪರೇಷನ್ ಆದ ಮೊದಲ ದಿನಗಳಲ್ಲಿ ಮತ್ತೆ ಮತ್ತೆ ಚೆಕ್ ಮಾಡ್ತಾರೆ. ಕಿಡ್ನಿ ಫೇಲ್ ಆದವರಲ್ಲೂ ಇಳಿಯುತ್ತೆ. ಮೆಗ್ನೀಷಿಯಂ ಕಮ್ಮಿ ಇದ್ರೆ ಪಿಟಿಎಚ್ ಸರಿಯಾಗಿ ಕೆಲಸ ಮಾಡಲ್ಲ, ಆಗ ಎಷ್ಟು ಕ್ಯಾಲ್ಸಿಯಂ ಕೊಟ್ರೂ ಏರಲ್ಲ, ಮೊದಲು ಮೆಗ್ನೀಷಿಯಂ ತುಂಬಿಸಬೇಕು. ಮೆಗ್ನೀಷಿಯಂ ಇಳಿಯೋಕೆ ಕುಡಿತ ಒಂದು ಕಾರಣ, ಇನ್ನೊಂದು ಗ್ಯಾಸ್ ಮಾತ್ರೆ. ಸಂಜೆ ಮಂಡಕ್ಕಿ ಮಿರ್ಚಿ, ರಾತ್ರಿ ಎದೆಯುರಿ, ಬೆಳಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ ಅಂತ ವರ್ಷಗಟ್ಟಲೆ ಯಾರನ್ನೂ ಕೇಳದೆ ನುಂಗೋರು ನಮ್ಮೂರಲ್ಲಿ ಕಮ್ಮಿ ಏನಿಲ್ಲ, ಅವರಲ್ಲಿ ಕೆಲವರಿಗೆ ಮೆಗ್ನೀಷಿಯಂ ಇಳಿಯುತ್ತೆ.

ಜಾಸ್ತಿ ಆಗೋದರ ಕಥೆ ಬೇರೆ, ಇದು ಸದ್ದಿಲ್ಲದೆ ಬರುತ್ತೆ. ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ಸುಸ್ತು, ಮಂಕು, ಹೀಗೆ ಎಲ್ಲದಕ್ಕೂ "ವಯಸ್ಸಾಯ್ತಲ್ಲ" ಅಂತ ಹೇಳಿ ಮುಗಿಸಬಹುದಾದ ಲಕ್ಷಣಗಳೇ. ಎಷ್ಟೋ ಜನರಿಗೆ ಗೊತ್ತಾಗೋದು ಪ್ಯಾಕೇಜ್ ಟೆಸ್ಟಲ್ಲಿ 10.9, 11.2 ಅಂತ ಬಂದಾಗ. ಮತ್ತೆ ಮಾಡಿಸಿದ್ರೂ ಅಷ್ಟೇ ಬಂದ್ರೆ ಮುಂದಿನ ಹೆಜ್ಜೆ ಪಿಟಿಎಚ್, ನನ್ನ ಪ್ರಕಾರ ಇಡೀ ವಿಷಯದಲ್ಲಿ ಅತಿ ಬುದ್ಧಿವಂತಿಕೆಯ ಟೆಸ್ಟು ಅದು. ಕ್ಯಾಲ್ಸಿಯಂ ಏರಿದಾಗ ಪಿಟಿಎಚ್ ಇಳಿದು ಸುಮ್ಮನಾಗಬೇಕು. ಆಗದೆ ಅದೂ ಮೇಲೇ ಇದ್ರೆ ಅಥವಾ ಏನೂ ಆಗಿಲ್ಲ ಅನ್ನೋ ಹಂಗೆ ನಾರ್ಮಲ್ಲಲ್ಲಿ ಕೂತಿದ್ರೂ, ಬಹುತೇಕ ಸಲ ಆ ನಾಲ್ಕರಲ್ಲಿ ಒಂದು ಗ್ರಂಥಿ ಗಡ್ಡೆಯಾಗಿ ತನ್ನ ಪಾಡಿಗೆ ಹಾರ್ಮೋನು ಬಿಡ್ತಿದೆ ಅಂತ. ಕ್ಯಾನ್ಸರ್ ಅಲ್ಲ, ತೆಗೆದ್ರೆ ಸಾಮಾನ್ಯವಾಗಿ ಸರಿಹೋಗುತ್ತೆ, ವಿಯೆನ್ನಾದಲ್ಲಿ 1925ರಲ್ಲೇ ಫೆಲಿಕ್ಸ್ ಮಂಡ್ಲ್ ಅನ್ನೋ ಸರ್ಜನ್ ಮೂಳೆ ಪುಡಿಯಾಗ್ತಿದ್ದ ಟ್ರಾಮ್ ನೌಕರನೊಬ್ಬನಿಗೆ ಇಂಥ ಗಡ್ಡೆ ತೆಗೆದಿದ್ರು. ಪಿಟಿಎಚ್ ನೆಲ ಕಚ್ಚಿದ್ದು ಕ್ಯಾಲ್ಸಿಯಂ ಮಾತ್ರ ಏರಿದ್ರೆ ಹುಡುಕಾಟ ಬೇರೆ ಕಡೆ ತಿರುಗುತ್ತೆ, ಕೆಲವು ಕ್ಯಾನ್ಸರ್‌ಗಳು, ಟಿಬಿ ಅಥವಾ ಸಾರ್ಕಾಯ್ಡ್ ಥರದ ಕಾಯಿಲೆ, ಇಲ್ಲಾ ವಿಟಮಿನ್ ಡಿ ಮಿತಿಮೀರಿದ್ದು.

ಈ ಕೊನೇದರ ಬಗ್ಗೆ ನನಗೆ ಸಿಟ್ಟಿದೆ. 60,000 ಯೂನಿಟ್ಟಿನ ಸ್ಯಾಶೆ ಇರೋದು ವಾರಕ್ಕೊಂದು ಲೆಕ್ಕಕ್ಕೆ, ಸಾಮಾನ್ಯವಾಗಿ ಕೆಲವು ವಾರ ಮಾತ್ರ, ಅದನ್ನ ದಿನಾ ತಗೊಂಡು ಕಿಡ್ನಿ ಹಾಳು ಮಾಡ್ಕೊಂಡವರ ಕೇಸುಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ಮಂಡಿ ನೋವಿಗೆ ಅಂತ ಒಬ್ಬರು 6 ಲಕ್ಷ ಯೂನಿಟ್ ಇಂಜೆಕ್ಷನ್ ಕೊಡ್ತಾರೆ, ಮುಂದಿನ ತಿಂಗಳು ಇನ್ನೊಬ್ಬರು ಗೊತ್ತಿಲ್ಲದೆ ಮತ್ತೊಂದು ಕೊಡ್ತಾರೆ. ವಿಟಮಿನ್ ಡಿ ಕೊಬ್ಬಲ್ಲಿ ಶೇಖರವಾಗುತ್ತೆ, ನಿಲ್ಲಿಸಿದ ಮೇಲೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕ್ಯಾಲ್ಸಿಯಂ ಇಳಿಯಲ್ಲ. ಅಡಿಕೆ ನಾಡಾದ ಚನ್ನಗಿರಿ ಕಡೆಯವರಿಗೆ ಇನ್ನೊಂದು ಮಾತು, ಎಲೆಗೆ ಹಚ್ಚೋ ಸುಣ್ಣನೂ ಕ್ಯಾಲ್ಸಿಯಮ್ಮೇ, ವಿಪರೀತ ಎಲೆಅಡಿಕೆ ಹಾಕೋರಲ್ಲಿ ಆ ಸುಣ್ಣದಿಂದಲೇ ಕ್ಯಾಲ್ಸಿಯಂ ಏರಿದ ಅಪರೂಪದ ಕೇಸುಗಳೂ ದಾಖಲಾಗಿವೆ.

ಕಿಡ್ನಿ ಸ್ಟೋನ್ ಆದವರು ಹಾಲು ಮೊಸರು ಬಿಟ್ಬಿಡ್ತಾರಲ್ಲ, ಅದು ಉಲ್ಟಾ ಹೊಡೆಯುತ್ತೆ. ಊಟದ ಕ್ಯಾಲ್ಸಿಯಂ ಕರುಳಲ್ಲೇ ಆಕ್ಸಲೇಟನ್ನ ಹಿಡಿದು ಹೊರಗೆ ಸಾಗಿಸುತ್ತೆ, ಅದಿಲ್ಲ ಅಂದ್ರೆ ಆಕ್ಸಲೇಟ್ ರಕ್ತಕ್ಕೆ ಸೇರಿ ಕಿಡ್ನಿಗೆ ಬರುತ್ತೆ. ಕಲ್ಲು ಮತ್ತೆ ಮತ್ತೆ ಆಗ್ತಿದ್ರೆ ಹಾಲು ಬಿಡೋ ಬದಲು ಬ್ಲಡ್ ಕ್ಯಾಲ್ಸಿಯಂ ಒಂದ್ಸಲ ಮಾಡಿಸಿ, ಕೆಲವರಲ್ಲಿ ಪ್ಯಾರಾಥೈರಾಯ್ಡ್ ಗಡ್ಡೆ ಸಿಗೋದು ಹೀಗೇ.

ಜಗಳೂರು, ಚಿತ್ರದುರ್ಗ ಕಡೆ ಬೋರ್ ನೀರಿನ ಫ್ಲೋರೈಡ್ ಗೊತ್ತೇ ಇದೆ. ಕುಡಿಯೋ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದ್ರೆ 1.5 ತನಕ ಅಂತ ಭಾರತೀಯ ಮಾನದಂಡ. ಜಾಸ್ತಿ ಫ್ಲೋರೈಡ್ ವರ್ಷಗಟ್ಟಲೆ ಕುಡಿದ್ರೆ ಅದು ಮೂಳೆಯ ಖನಿಜದೊಳಗೇ ಸೇರ್ಕೊಂಡು, ಎಕ್ಸ್‌ರೇಯಲ್ಲಿ ಮೂಳೆ ದಟ್ಟವಾಗಿ ಕಂಡ್ರೂ ಪೆಡಸಾಗಿರುತ್ತೆ, ಬೆನ್ನು ಬಗ್ಗಲ್ಲ, ಕುತ್ತಿಗೆ ತಿರುಗಲ್ಲ. ಇಂಥವರಿಗೂ ಬ್ಲಡ್ ಕ್ಯಾಲ್ಸಿಯಂ ಎಷ್ಟೋ ಸಲ ನಾರ್ಮಲ್. ಅವರಿಗೆ ಬೇಕಾಗಿರೋದು ಎಕ್ಸ್‌ರೇ, ನೀರಿನ ಮತ್ತು ಮೂತ್ರದ ಫ್ಲೋರೈಡ್ ಪರೀಕ್ಷೆ. ಊಟದಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ರೆ ಕರುಳು ಫ್ಲೋರೈಡನ್ನ ಕಮ್ಮಿ ಹೀರುತ್ತೆ ಅನ್ನೋದೂ ನಿಜ, ಹಾಗಂತ ಅದು ಒಳ್ಳೇ ನೀರಿಗೆ ಬದಲಿ ಅಲ್ಲ.

ಬ್ಲಡ್ ಕ್ಯಾಲ್ಸಿಯಂ ನಂಬರು ಸ್ವಲ್ಪ ಆಚೀಚೆ ಬಂದ್ರೆ ಅವಸರ ಇಲ್ಲ, ಮತ್ತೆ ಮಾಡಿಸಿ, ಜೊತೆಗೆ ಅಲ್ಬುಮಿನ್, ಕ್ರಿಯಾಟಿನಿನ್, ಫಾಸ್ಫರಸ್, ಮೆಗ್ನೀಷಿಯಂ, ವಿಟಮಿನ್ ಡಿ, ಪಿಟಿಎಚ್‌ನಲ್ಲಿ ಯಾವುದು ಬೇಕು ಅಂತ ಡಾಕ್ಟರು ಹೇಳ್ತಾರೆ. 14 ದಾಟಿದ್ರೆ, 7ರ ಕೆಳಗಿಳಿದ್ರೆ, ಅಥವಾ ನಂಬರು ಎಷ್ಟೇ ಇರಲಿ ಕೈ ಸೆಟೆಯೋದು, ಫಿಟ್ಸ್, ಮಂಪರು ಇದ್ರೆ ಅವತ್ತೇ ಆಸ್ಪತ್ರೆಗೆ. ಹೋಗುವಾಗ ಮನೆಯಲ್ಲಿ ತಗೊಳ್ತಿರೋ ಎಲ್ಲಾ ಮಾತ್ರೆ ಸ್ಟ್ರಿಪ್ಪು, ಸ್ಯಾಶೆ, ಆಯುರ್ವೇದದ ಡಬ್ಬಿ ಸಮೇತ ಒಂದು ಕವರಿಗೆ ಹಾಕ್ಕೊಂಡು ಹೋಗಿ, ಬಿಪಿಗೆ ಕೊಡೋ ಥಯಾಜೈಡ್ ಥರದ ಮಾತ್ರೆ, ಮಾನಸಿಕ ಕಾಯಿಲೆಗೆ ಕೊಡೋ ಲಿಥಿಯಂ ಇವೂ ಕ್ಯಾಲ್ಸಿಯಂ ಏರಿಸ್ತವೆ, ಆದ್ರೆ ಡಾಕ್ಟರನ್ನ ಕೇಳದೆ ಯಾವುದನ್ನೂ ನಿಲ್ಲಿಸಬೇಡಿ. ಥೈರಾಯ್ಡ್ ಮಾತ್ರೆ ತಗೊಳ್ಳೋರು ಕ್ಯಾಲ್ಸಿಯಂ ಮಾತ್ರೆಯನ್ನ ಅದರಿಂದ 4 ಗಂಟೆ ದೂರ ಇಡಿ, ಒಟ್ಟಿಗೆ ನುಂಗಿದ್ರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತಲ್ಲ.