ಒದ್ದೆ ಕಲ್ಲು, ಒಣ ಕಲ್ಲು ಮತ್ತು ಫೋನಿನ ಮಾರ್ಕ್ಸ್ ಕಾರ್ಡು

ಅಣ್ಣನ ಮಗ ಹೊಸ ಫೋನು ಕೊಂಡ. "ಆಂಟುಟುನಲ್ಲಿ ಹದಿನೈದು ಲಕ್ಷ ಬಂತು, ನಿಮ್ಮದೆಷ್ಟು?" ಅಂತ ಕೇಳಿದ. ಆಂಟುಟು ಅಂದರೆ ಫೋನಿನ ವೇಗ ಅಳೆದು ಅಂಕ ಕೊಡುವ ಆ್ಯಪ್; ಇಂಥ ಪರೀಕ್ಷೆಗೆ ಬೆಂಚ್‌ಮಾರ್ಕ್ ಅಂತ ಹೆಸರು. ಹದಿನೈದು ಲಕ್ಷ ಏನು? ಸೆಕೆಂಡಾ, ಲೆಕ್ಕವಾ, ರೂಪಾಯಿಯಾ? ಅವನಿಗೂ ಗೊತ್ತಿಲ್ಲ. ಪ್ರೊಸೆಸರ್, ಗ್ರಾಫಿಕ್ಸ್, ಮೆಮೊರಿ, ಬಳಸುವಾಗಿನ ಸಲೀಸು, ಈ ನಾಲ್ಕರ ಅಂಕ ಕೂಡಿಸಿದರೆ ಆ ಲಕ್ಷ. ಕನ್ನಡದಲ್ಲಿ ತೊಂಬತ್ತು, ಗಣಿತದಲ್ಲಿ ಮೂವತ್ತು ಬಂದರೂ ಒಟ್ಟು ಚೆನ್ನಾಗಿ ಕಾಣುತ್ತೆ, ಅಲ್ವಾ?

ಗೀಕ್‌ಬೆಂಚ್ ಎಂಬ ಇನ್ನೊಂದು ಆ್ಯಪ್ ಕೊಂಚ ವಾಸಿ. ಅದು ತನ್ನ ಅಳತೆಗೋಲು ಯಾವುದೆಂದು ಹೇಳಿಬಿಡುತ್ತದೆ. ಆರನೇ ಆವೃತ್ತಿಯಲ್ಲಿ ಇಂಟೆಲ್ ಕೋರ್ ಐ7-12700 ಎಂಬ ಕಂಪ್ಯೂಟರ್ ಚಿಪ್ಪಿಗೆ 2500 ಅಂಕ. ಐದನೆಯದರಲ್ಲಿ ಕೋರ್ ಐ3-8100ಗೆ 1000. ಆದ್ದರಿಂದ ಹಳೆ ಆವೃತ್ತಿಯ ಅಂಕವನ್ನು ಹೊಸದರ ಜೊತೆ ಹೋಲಿಸಿ ಜಗಳ ಆಡುವವರು ಸುಮ್ನೆ ಗಂಟಲು ಒಣಗಿಸಿಕೊಳ್ಳುತ್ತಿದ್ದಾರೆ.

ಯಂತ್ರದ ವೇಗಕ್ಕೆ ಅಂಕ ಕೊಡುವ ಈ ಚಾಳಿ ಹೊಸದಲ್ಲ. 1972ರಲ್ಲಿ ಬ್ರಿಟನ್ನಿನಲ್ಲಿ ವೆಟ್‌ಸ್ಟೋನ್ ಎಂಬ ಪರೀಕ್ಷೆ ಹುಟ್ಟಿತು. ಹೆಸರಿನ ಅರ್ಥ ಸಾಣೆಕಲ್ಲು. ಆದರೆ ಆ ಹೆಸರು ಬಂದದ್ದು ಲೆಸ್ಟರ್‌ಶೈರ್‌ನ ಒಂದು ಹಳ್ಳಿಯಿಂದ. ಪರೀಕ್ಷೆಗೆ ಬಳಸಿದ, ಆಲ್ಗಾಲ್ ಎಂಬ ಪ್ರೋಗ್ರಾಂ ಭಾಷೆಯ ಕಂಪೈಲರ್ (ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಧನ) ತಯಾರಾದ ಊರು ಅದು. ವೆಟ್‌ಸ್ಟೋನ್ ಅಳೆಯುತ್ತಿದ್ದದ್ದು ದಶಮಾಂಶದ ಲೆಕ್ಕಗಳನ್ನು. 1984ರಲ್ಲಿ ರೈನ್‌ಹೋಲ್ಡ್ ವೈಕರ್ ಪೂರ್ಣಸಂಖ್ಯೆ, ಅಕ್ಷರಗಳ ಕೆಲಸಕ್ಕೆ ಇನ್ನೊಂದು ಪರೀಕ್ಷೆ ಬರೆದ. ಕೇಳಲು 'ವೆಟ್' ಅಂದರೆ ಒದ್ದೆ ಅನ್ನಿಸುತ್ತದಲ್ಲ, ಅದು ಒದ್ದೆ ಕಲ್ಲಾದರೆ ಇದು ಒಣ ಕಲ್ಲು ಅಂತ ತಮಾಷೆಗೆ ಡ್ರೈಸ್ಟೋನ್ ಎಂದು ಹೆಸರಿಟ್ಟ!

ನನಗೆ ತುಂಬ ಇಷ್ಟವಾದ ಕತೆ ಇಲ್ಲಿಂದ ಶುರು. ಡ್ರೈಸ್ಟೋನ್ ಒಂದೇ ಕೆಲಸವನ್ನು ಲಕ್ಷಾಂತರ ಸಲ ಮಾಡಿಸುತ್ತದೆ. ಬಂದ ಉತ್ತರ ಹೆಚ್ಚಾಗಿ ಯಾರಿಗೂ ಬೇಕಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಕೆಲಸ. ಕಂಪೈಲರ್ ಬುದ್ಧಿವಂತನಾದ ಅಡುಗೆಭಟ್ಟನ ಥರ. ಯಾರೂ ಉಣ್ಣದ ಪಲ್ಯವನ್ನು ಅವನು ಹೆಚ್ಚುವುದೇ ಇಲ್ಲ. ಬೇಡದ ಕೆಲಸ ಕಂಡರೆ ಅಳಿಸಿಹಾಕುತ್ತಾನೆ. ಪರೀಕ್ಷೆ ಬೇಗ ಮುಗಿಯುತ್ತದೆ. ಯಂತ್ರ ಚುರುಕು ಅಂತ ನಾವು ಚಪ್ಪಾಳೆ ತಟ್ಟುತ್ತೇವೆ.

ಇನ್ನೂ ಸೊಗಸಾದದ್ದೊಂದಿದೆ. ಡ್ರೈಸ್ಟೋನ್ ಮೂವತ್ತು ಅಕ್ಷರದ ಒಂದು ಸಾಲನ್ನು ಪದೇಪದೇ ನಕಲು ಮಾಡುತ್ತದೆ. ಸಾಮಾನ್ಯವಾಗಿ ಪ್ರತಿ ಅಕ್ಷರ ನೋಡಿ, ಸಾಲು ಮುಗಿಯಿತಾ ಅಂತ ಕೇಳುತ್ತ ಹೋಗಬೇಕು. ಇಲ್ಲಿ ಉದ್ದ ಮೊದಲೇ ಗೊತ್ತು. ಮೂಟೆಯಲ್ಲಿ ಎಷ್ಟು ರಾಗಿ ಇದೆಯೆಂದು ಗೊತ್ತಿದ್ದರೆ ಸೇರು ಸೇರಾಗಿ ಅಳೆಯುವುದು ಯಾಕೆ? ಮೂಟೆಯನ್ನೇ ಎತ್ತಿಟ್ಟರಾಯಿತು. ಕಂಪೈಲರ್ ಮಾಡುವುದು ಅದನ್ನೇ. ಅಂದರೆ ಅಂಕ ಏರಿದ್ದು ಚಿಪ್ಪಿನಿಂದಲ್ಲ, ಭಟ್ಟನ ಜಾಣತನದಿಂದ. 1988ರಲ್ಲಿ ವೈಕರ್ ಎರಡನೇ ಆವೃತ್ತಿ ತಂದು ಕೆಲವು ತೂತು ಮುಚ್ಚಿದ. ಎಲ್ಲ ಮುಚ್ಚಲಿಲ್ಲ.

ಫೋನುಗಳ ಕಾಲಕ್ಕೆ ಜಾಣತನ ವಂಚನೆಯ ಕಡೆ ಜಾರಿತು. ಶಾಲೆಗೆ ಇನ್ಸ್‌ಪೆಕ್ಟರ್ ಬಂದ ದಿನ ಮಾತ್ರ ಗೋಡೆಗೆ ಸುಣ್ಣ ಬಳಿಯುತ್ತಿದ್ದರಲ್ಲ, ಹಾಗೆ. 2013ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್4ರ ಎಕ್ಸಿನಾಸ್ ಚಿಪ್ಪಿನ ಮಾದರಿಯಲ್ಲಿ ಕೆಲವು ಬೆಂಚ್‌ಮಾರ್ಕ್‌ಗಳ ಹೆಸರು ಕಂಡರೆ ಗ್ರಾಫಿಕ್ಸ್ ಚಿಪ್ 533 ಮೆಗಾಹರ್ಟ್ಸ್‌ಗೆ ಏರುತ್ತಿತ್ತು. ಆಟಗಳಿಗೆ ಸಿಗುತ್ತಿದ್ದದ್ದು 480. 2022ರಲ್ಲಿ ಉಲ್ಟಾ ಕತೆ. ಸ್ಯಾಮ್‌ಸಂಗ್‌ನ ಒಂದು ಸೇವೆ ಆಟಗಳ ವೇಗ ತಗ್ಗಿಸುತ್ತಿತ್ತು, ಬೆಂಚ್‌ಮಾರ್ಕ್‌ಗಳನ್ನು ಮುಟ್ಟುತ್ತಿರಲಿಲ್ಲ. ಗೀಕ್‌ಬೆಂಚ್‌ನವರು ತಮ್ಮ ಆ್ಯಪ್‌ಗೆ ಗೆನ್‌ಶಿನ್ ಇಂಪ್ಯಾಕ್ಟ್ ಆಟದ ವೇಷ ಹಾಕಿ ಓಡಿಸಿದರು. ಒಳಗಿನ ಲೆಕ್ಕ ಅದೇ, ಹೊರಗಿನ ಹೆಸರು ಬೇರೆ. ಅಂಕ ದಢಾರನೆ ಬಿತ್ತು. ಎಸ್10ರಿಂದ ಎಸ್22ರವರೆಗಿನ ಗ್ಯಾಲಕ್ಸಿ ಎಸ್ ಫೋನುಗಳು ಗೀಕ್‌ಬೆಂಚ್ ಪಟ್ಟಿಯಿಂದ ಹೊರಬಿದ್ದವು.

ಮೋಸ ಇಲ್ಲದಿದ್ದರೂ ಶಾಖ ಇದೆ. ಸಾಮಾನ್ಯ ಫೋನಿಗೆ ಫ್ಯಾನ್ ಇಲ್ಲ. ಚಿಪ್ ಬಿಸಿಯಾದರೆ ತಾನೇ ನಿಧಾನವಾಗುತ್ತದೆ. ಚಿಕ್ಕ ಪರೀಕ್ಷೆ ಅಷ್ಟರಲ್ಲಿ ಮುಗಿದಿರುತ್ತದೆ. ನೂರು ಮೀಟರ್ ಓಟ ನೋಡಿ ಬೆಟ್ಟ ಹತ್ತುವ ದಮ್ಮು ಅಳೆದ ಹಾಗೆ. ಅದಕ್ಕೇ 3ಡಿಮಾರ್ಕ್ ಎಂಬ ಗ್ರಾಫಿಕ್ಸ್ ಪರೀಕ್ಷೆಯ ಆ್ಯಪ್‌ನಲ್ಲಿ ಒಂದು ನಿಮಿಷದ ಪರೀಕ್ಷೆಯನ್ನು ಇಪ್ಪತ್ತು ಸಲ ಎಡೆಬಿಡದೆ ಓಡಿಸುವ ವ್ಯವಸ್ಥೆ ಇದೆ. ಕೊನೆಗೆ ಸುತ್ತು ಸುತ್ತಿನ ಅಂಕದ ಒಂದು ಗೆರೆ ತೋರಿಸುತ್ತದೆ. ನನ್ನ ಕಣ್ಣು ಮೊದಲು ಹೋಗುವುದು ಆ ಗೆರೆ ಎಲ್ಲಿ ಇಳಿಯಿತು ಅನ್ನುವ ಕಡೆಗೆ. ಹುಡುಗನ ಫೋನಿನಲ್ಲಿ ಅದನ್ನು ಓಡಿಸಿದೆವು, ಏಪ್ರಿಲ್ ಮಧ್ಯಾಹ್ನ, ತಾರಸಿ ಮೇಲೆ. ಹತ್ತನೇ ಸುತ್ತಿಗೆ ಅವನು ಫೋನನ್ನು ಟವೆಲಿನಲ್ಲಿ ಹಿಡಿದುಕೊಂಡಿದ್ದ. ಹದಿನೈದು ಲಕ್ಷದ ಮಾತು ಮತ್ತೆ ಬರಲಿಲ್ಲ.